ಹೊಗೆ ಏಳದ ಮನೆ

ಪಿಳ್ಳಮ್ಮ ಮಾತಾಡುವಾಗ ಎದುರಿಗಿರುವವರ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ. ಮದುವೆಯಾಗಿ ಮತ್ತಿಗಿರಿಗೆ ಬಂದ ಹೊಸದರಲ್ಲಿ ಎಲ್ಲರೂ ಅದನ್ನು ನಾಚಿಕೆ ಎಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಒಂದು ವರ್ಷ ಕಳೆದ ಮೇಲೆ, ನಮ್ಮ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ಅವಳು ತಾನಾಗಿಯೇ ಹೇಳಿದ್ದು ಇದು. ಒಂದೇ ದಿನ ಹೇಳಲಿಲ್ಲ, ನಾಲ್ಕೈದು ಮಧ್ಯಾಹ್ನ ಹಿಡಿಯಿತು. ಅವಳು ನಿಲ್ಲಿಸಿದಾಗ ನಾನೂ ಸುಮ್ಮನೆ ಕಾಯಿ ಸುಲಿದೆ.

ಅವಳ ತೌರು ರಾಯಕೋಟೆಗೆ ಮೂರು ಮೈಲಿ ದೂರದ ಹಳ್ಳಿ. ಊರ ಹಿಂದೆ ಸಣ್ಣ ಗುಡ್ಡ, ಗುಡ್ಡದ ಇಳಿಜಾರಿನಲ್ಲಿ ಹೊಲಗಳು. ತಂದೆ ಮುನಿಕೃಷ್ಣಪ್ಪ ಯುದ್ಧದ ಕಾಲದಲ್ಲಿ ರಸ್ತೆ ಹಾಕುವ ಕೆಲಸಕ್ಕೆಂದು ಅಸ್ಸಾಮಿನ ಕಡೆ ಹೋದರು. ಆಗ ಪಿಳ್ಳಮ್ಮನಿಗೆ ಹನ್ನೆರಡು ವರ್ಷ. ಮನೆಯಲ್ಲಿ ಉಳಿದದ್ದು ಅವಳು ಮತ್ತು ಅವಳ ತಾಯಿ ಕನಕಮ್ಮ, ಇಬ್ಬರೇ. ಹೋಗುವ ಮುಂಚೆ ತಂದೆ ತಮ್ಮ ಅಣ್ಣ ವೆಂಕಟರಮಣಪ್ಪನವರ ಕೈಯಲ್ಲಿ ಇಬ್ಬರನ್ನೂ ಒಪ್ಪಿಸಿ ಹೋದರು. ಅವರ ಮನೆ ಅದೇ ಊರಿನ ಮೇಲಿನ ಬೀದಿಯಲ್ಲಿತ್ತು.

ತಂದೆ ಹೋದ ಎರಡನೆಯ ತಿಂಗಳು, ಕಣದಲ್ಲಿ ರಾಗಿ ತೂರುತ್ತಿದ್ದಾಗ ಕನಕಮ್ಮ ಇದ್ದಕ್ಕಿದ್ದಂತೆ ಮೊರ ಕೆಳಗೆ ಹಾಕಿ ಬಿದ್ದರು. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಕಣದಲ್ಲಿದ್ದವರು ಹಿಂದಕ್ಕೆ ಸರಿದರು. ಅಂಥ ಹೊತ್ತಿನಲ್ಲಿ ಮುಟ್ಟಿದವರಿಗೂ ಅದು ಹತ್ತಿಕೊಳ್ಳುತ್ತದೆ ಎಂಬುದು ಆ ಕಡೆಯ ನಂಬಿಕೆ. ಯಾರೋ ದೂರದಿಂದಲೇ ಕಬ್ಬಿಣದ ಬೀಗದ ಕೈಯೊಂದನ್ನು ಎಸೆದರು. ಅದನ್ನು ತಾಯಿಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದ್ದು ಪಿಳ್ಳಮ್ಮ. ಸ್ವಲ್ಪ ಹೊತ್ತಿಗೆ ಎಲ್ಲ ಇಳಿಯಿತು. ಕನಕಮ್ಮ ಎದ್ದು ಕೂತು, ಎಲ್ಲರೂ ಯಾಕೆ ಹೀಗೆ ನಿಂತಿದ್ದೀರಿ ಎಂದು ಕೇಳಿದರು.

ವೆಂಕಟರಮಣಪ್ಪನವರು ಅಂದು ಸಂಜೆ ಮನೆಗೆ ಬಂದು, ಬಾಗಿಲ ಹೊರಗೇ ನಿಂತು ಒಂದು ಮಾತು ಹೇಳಿದರು.

"ನೋಡಮ್ಮಿ ಪಿಳ್ಳಿ, ಇದು ಗಾಳಿ ಸೋಕಿರೋದು. ಒಂದ್ಸಲ ಆಗೋಯ್ತು, ಬುಡು. ಇನ್ನೊಂದ್ಸಲ ಆದ್ರೆ ನಾನು ಗಾಡಿ ಹೂಡ್ತೀನಿ. ಗಾಳಿ ಬಿಡ್ಸೋ ಜಾಗಕ್ಕೆ ಕರ್ಕೊಂಡೋಗಿ ಬುಟ್ಟು ಬತ್ತೀನಿ. ಅವರು ನೋಡ್ಕಂತಾರೆ."

ಆ ಜಾಗಕ್ಕೆ ಹೋಗಿ ಬಂದವರನ್ನು ಪಿಳ್ಳಮ್ಮ ನೋಡಿದ್ದಳು. ಕೆಳಗಿನ ಬೀದಿಯ ಹೆಂಗಸೊಬ್ಬಳು ಅಲ್ಲಿ ಆರು ತಿಂಗಳಿದ್ದು ಬಂದಿದ್ದಳು. ಕಾಲಿನ ಗೆಣ್ಣಿನ ಸುತ್ತ ಸರಪಳಿಯ ಗಾಯ ಬಳೆಯ ಹಾಗೆ ಉಳಿದಿತ್ತು. ತನ್ನ ಮಕ್ಕಳು ಹತ್ತಿರ ಬಂದರೆ ಆಕೆ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕುಗ್ಗಿ ಕೂರುತ್ತಿದ್ದಳು, ಹೊಡೆಯುತ್ತಾರೇನೋ ಎಂಬಂತೆ.

ಎಂಟೇ ದಿನಕ್ಕೆ ಕನಕಮ್ಮನಿಗೆ ಮತ್ತೆ ಬಂತು. ಮನೆಯೊಳಗೆ ಬಂದದ್ದರಿಂದ ಯಾರೂ ನೋಡಲಿಲ್ಲ. ಇದು ಯಾರಿಗೂ ಗೊತ್ತಾಗಬಾರದು ಎಂದು ಪಿಳ್ಳಮ್ಮ ಅಂದೇ ತೀರ್ಮಾನಿಸಿದಳು.

ಮುಚ್ಚಿಡುವುದನ್ನು ಅವಳು ಒಂದೊಂದಾಗಿ ಕಲಿತಳು. ಬರುವ ಮುಂಚೆ ತಾಯಿಯ ಬಲಗೈ ಹೆಬ್ಬೆರಳು ತೋರುಬೆರಳನ್ನು ಉಜ್ಜತೊಡಗುತ್ತದೆ, ಕಾಳು ಎಣಿಸಿದ ಹಾಗೆ. ಅದಾಗಿ ಹತ್ತು ಉಸಿರು ಎಳೆಯುವಷ್ಟರಲ್ಲಿ ಬೀಳುತ್ತಾರೆ. ಅಷ್ಟರಲ್ಲಿ ಹಿಡಿದು ಮಲಗಿಸಬೇಕು, ಪಕ್ಕಕ್ಕೆ ತಿರುಗಿಸಬೇಕು, ತಲೆಯ ಕೆಳಗೆ ಗೋಣಿಚೀಲ ಮಡಿಸಿ ಕೊಡಬೇಕು. ಬಾವಿಗೆ ತಾಯಿಯನ್ನು ಕಳಿಸಲಿಲ್ಲ. ಕುಡುಗೋಲು, ಈಳಿಗೆಮಣೆಗಳನ್ನು ಅಟ್ಟದ ಮೇಲೆ ಇಟ್ಟಳು. ತಾಯಿಗೆ ಮೈ ಹುಷಾರಿಲ್ಲ, ಚಳಿಜ್ವರ ಎಂದು ಕೇಳಿದವರಿಗೆಲ್ಲ ಹೇಳಿದಳು. ಇಷ್ಟೆಲ್ಲ ಆದ ಮೇಲೂ ಒಂದು ಉಳಿದಿತ್ತು: ಒಲೆ.

ಆ ಕಡೆಯ ಮನೆಗಳಲ್ಲಿ ಬೆಂಕಿ ಆರುವುದಿಲ್ಲ. ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಬೆಳಗ್ಗೆ ಕೆದಕಿ ಊದಿದರೆ ಮತ್ತೆ ಒಲೆ ಹತ್ತುತ್ತದೆ. ಯುದ್ಧದ ಕಾಲದಲ್ಲಿ ಬೆಂಕಿಪೆಟ್ಟಿಗೆ ಸಿಗುವುದೇ ಕಷ್ಟವಾಗಿತ್ತು. ಆರಿಹೋದರೆ ಪಕ್ಕದ ಮನೆಗೆ ಮಡಕೆಯ ಓಡು ಹಿಡಿದು ಹೋಗಬೇಕು. ಎಂದೋ ಒಂದು ದಿನ ಹೋದರೆ ಯಾರೂ ಏನೂ ಅನ್ನುವುದಿಲ್ಲ. ದಿನಾ ಹೋಗುವ ಮನೆಯವರನ್ನು ಗೇಯಲಾರದ ಸೋಮಾರಿಗಳು ಎನ್ನುತ್ತಾರೆ.

ಪಿಳ್ಳಮ್ಮ ದಿನಾ ಹೋಗುತ್ತಿದ್ದಳು. ಹೊಲಕ್ಕೋ ನೀರಿಗೋ ಸೌದೆಗೋ ಹೊರಡುವ ಮುಂಚೆ ಒಲೆಯಲ್ಲಿದ್ದ ಕೆಂಡವನ್ನೆಲ್ಲ ಗೋರಿ, ಹಿತ್ತಲ ಗುಂಡಿಗೆ ಸುರಿದು ಮಣ್ಣು ಮುಚ್ಚುತ್ತಿದ್ದಳು. ತಾಯಿ ಒಬ್ಬರೇ ಇರುವ ಮನೆಯಲ್ಲಿ ಒಂದು ಕಿಡಿಯೂ ಇರಬಾರದು. ಉರಿಯುವ ಒಲೆಯನ್ನು ಕೈಯಾರೆ ಆರಿಸುವುದು ಪಾಪ ಎಂದು ಅವಳಿಗೆ ಗೊತ್ತಿತ್ತು. ಆರಿಸುವಾಗೆಲ್ಲ ಒಲೆಗೆ ಕೈಮುಗಿದು, ತಪ್ಪಾಯ್ತು ತಾಯೀ ಎನ್ನುತ್ತಿದ್ದಳು. ಬಂದ ಮೇಲೆ ಓಡು ಹಿಡಿದು ಪಕ್ಕದ ಮನೆಯ ಅಶ್ವತ್ಥಮ್ಮನವರ ಬಾಗಿಲಿಗೆ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಕೆಲವು ದಿನ ಮೂರು ಸಲ.

ಅಶ್ವತ್ಥಮ್ಮ ಐವತ್ತು ದಾಟಿದ ವಿಧವೆ. ಮಗ ಸೊಸೆ ಕೃಷ್ಣಗಿರಿಯಲ್ಲಿದ್ದರು. ಇವರು ಒಂದು ಎಮ್ಮೆ ಕಟ್ಟಿಕೊಂಡು ಒಬ್ಬರೇ ಇದ್ದರು. ಬಾಯಿ ಜೋರು. ಕೆಂಡ ಕೊಡುವಾಗೆಲ್ಲ ಒಂದು ಮಾತು ಸೇರಿಸಿಯೇ ಕೊಡುತ್ತಿದ್ದರು.

"ನಿಮ್ಮವ್ವ ಏನಮ್ಮಿ, ಒಂದು ಕೆಂಡ ಮುಚ್ಚಿಡಕ್ಕೂ ಬರಕ್ಕಿಲ್ವಾ? ನನ್ನೊಲೆ ಏನು ಊರೊಲೆನಾ?"

ಪಿಳ್ಳಮ್ಮ ತಲೆ ತಗ್ಗಿಸಿ, "ಮರ್ತೋಯ್ತು ಅತ್ತೆ" ಎನ್ನುತ್ತಿದ್ದಳು.

ಪುಷ್ಯಮಾಸ ಬಂತು, ಹುರುಳಿ ಕೀಳುವ ಕಾಲ. ಬಿಸಿಲೇರಿದರೆ ಕಾಯಿ ಸಿಡಿದು ಕಾಳು ಹೊಲದಲ್ಲೇ ಉದುರುತ್ತದೆ. ಇಬ್ಬನಿ ಇರುವಾಗಲೇ ಗಿಡ ಕಿತ್ತು ಮೆದೆ ಹಾಕಬೇಕು. ಪಿಳ್ಳಮ್ಮ ಬೆಳಕು ಹರಿಯುವ ಮುಂಚೆ ಗುಡ್ಡದ ಹೊಲಕ್ಕೆ ಹೋಗುತ್ತಿದ್ದಳು. ತಾಯಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ಕಂಬಳಿ ಹೊದಿಸಿ, ಬಾಗಿಲು ಮುಂದಕ್ಕೆಳೆದು ಹೊರಡುತ್ತಿದ್ದಳು. ಹೊರಗಿನಿಂದ ಚಿಲಕ ಹಾಕುತ್ತಿರಲಿಲ್ಲ. ಏನಾದರೂ ಆದರೆ ಯಾರಾದರೂ ಒಳಗೆ ಹೋಗಲಾದರೂ ಆಗಬೇಕಲ್ಲ. ಆದರೆ ಯಾರಾದರೂ ಒಳಗೆ ಹೋದರೆ ಎಂಬ ಭಯವೂ ಅವಳಿಗೆ ಅಷ್ಟೇ ಇತ್ತು.

ಹೊಲದಿಂದ ಊರು ಕಾಣುತ್ತಿತ್ತು. ಮಂಜಿನ ಮೇಲೆ ಒಂದೊಂದೇ ಮನೆಯ ಹೊಗೆ ಏಳುತ್ತಿತ್ತು. ಅಶ್ವತ್ಥಮ್ಮನ ಮನೆಯ ಹೊಗೆ ಎಲ್ಲಕ್ಕಿಂತ ಮೊದಲು. ಅದರ ಪಕ್ಕದಲ್ಲಿ ಹೊಗೆ ಇಲ್ಲದ ಒಂದು ಜಾಗ. ಹತ್ತು ಗಿಡ ಕೀಳುವುದು, ತಲೆಯೆತ್ತಿ ಆ ಜಾಗ ನೋಡುವುದು, ಮತ್ತೆ ಬಗ್ಗುವುದು. ಬೇರೆಯವರಿಗೆ ಹೊಗೆ ಏಳದ ಮನೆ ಎಂದರೆ ಸಾವಿನ ಮನೆ. ಅವಳಿಗೆ ಹೊಗೆ ಕಾಣದಿದ್ದರೆ ಅಮ್ಮ ಇದ್ದಾಳೆ ಎಂದು ಅರ್ಥ.

ಒಂದು ಶುಕ್ರವಾರ ಕಾಡಿನಂಚಿನಿಂದ ಸೌದೆ ಹೊತ್ತು ಬರುವಾಗ ಹೊತ್ತು ಮುಳುಗಿಹೋಯಿತು. ಓಡು ಹಿಡಿದು ಓಡಿದಾಗ ಅಶ್ವತ್ಥಮ್ಮ ದೇವರ ಮುಂದೆ ದೀಪ ಹಚ್ಚಿಯಾಗಿತ್ತು. ಶುಕ್ರವಾರ ದೀಪ ಹಚ್ಚಿದ ಮೇಲೆ ಮನೆಯಿಂದ ಬೆಂಕಿ ಆಚೆ ಕೊಟ್ಟರೆ ಲಕ್ಷ್ಮಿಯನ್ನು ಕೊಟ್ಟು ಕಳಿಸಿದ ಹಾಗೆ. ಪಿಳ್ಳಮ್ಮ ಹೊಸ್ತಿಲ ಹೊರಗೆ ನಿಂತಳು, ಕೇಳಲಿಲ್ಲ. ಅಶ್ವತ್ಥಮ್ಮನೇ ನೋಡಿದರು.

"ಇವತ್ತು ಯಾವಾರ ಅಂತ ಗೊತ್ತಿಲ್ವಾ? ದೀಪ ಹಚ್ಚಿದ್ಮ್ಯಾಕೆ ಬೆಂಕಿಗೆ ಬತ್ತಾಳೆ. ಹೋಗು, ನಿಮ್ಮವ್ವಂಗೇ ಹೇಳು, ಎದ್ದು ಒಲೆ ಕಾಯ್ಕಳ್ಳಲಿ ಅಂತ. ಮಗೀನ ದುಡಿಯಾಕೆ ಬುಟ್ಟು ಕಂಬ್ಳಿ ಹೊದ್ಕೊಂಡು ಕೂತವ್ಳೆ, ರಾಜನ ಹೆಂಡ್ತಿ."

ಬೇರೆ ಮನೆಗಳಲ್ಲೂ ಅದೇ ವಾರ, ಅದೇ ದೀಪ. ಪಿಳ್ಳಮ್ಮ ವಾಪಸು ಬಂದಳು. ತಾಯಿ ಮಗಳು ಕತ್ತಲಲ್ಲಿ ಹುರಿಹಿಟ್ಟಿಗೆ ಮಜ್ಜಿಗೆ ಕಲಸಿ ತಿಂದು, ಒಂದೇ ಕಂಬಳಿಯಲ್ಲಿ ಮಲಗಿದರು. ಗೋಡೆಯಾಚೆಯಿಂದ ಬಂದ ಮಾತನ್ನೆಲ್ಲ ಕನಕಮ್ಮ ಕೇಳಿಸಿಕೊಂಡಿದ್ದರು. ಮಗಳ ತಲೆಯಲ್ಲಿ ಅಂಟಿದ್ದ ಸೌದೆಯ ಸಿಬಿರನ್ನು ಕೈಗೆ ಸಿಕ್ಕಿದಷ್ಟು ತೆಗೆದರು.

ಅಶ್ವತ್ಥಮ್ಮನಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಅವರು ಇದನ್ನು ಆಮೇಲೆ ಎಷ್ಟೋ ಸಲ ಪಿಳ್ಳಮ್ಮನಿಗೆ ಹೇಳಿದ್ದಾರೆ. ಪಕ್ಕದ ಮನೆಯಲ್ಲಿ ಇಬ್ಬರು ಬಿಸಿ ಇಲ್ಲದೆ ಮಲಗಿದ್ದಾರೆ, ದೇವರಿಗೆ ದೀಪ ಹಚ್ಚಿ ನಾನು ಇದನ್ನು ಮಾಡಿದೆನಲ್ಲ ಎಂದು ಹೊರಳಾಡಿದರಂತೆ. ಶನಿವಾರ ಬೆಳಗಾಗುತ್ತಲೇ ತಮ್ಮ ಒಲೆಯಿಂದ ಓಡಿನ ತುಂಬ ಕೆಂಡ ತೆಗೆದುಕೊಂಡು, ಕಂಕುಳಲ್ಲಿ ನಾಲ್ಕು ಒಣಸೌದೆ ಇಟ್ಟುಕೊಂಡು ಪಕ್ಕದ ಮನೆಯ ಬಾಗಿಲು ತಳ್ಳಿದರು. ಮಗಳು ಆಗಲೇ ಹೊಲಕ್ಕೆ ಹೋಗಿದ್ದಳು. ಚಳಿಗೆ ನಡುಗುತ್ತಾ ಕೂತಿದ್ದ ಕನಕಮ್ಮನನ್ನು ನೋಡಿ ಅವರ ಮನಸ್ಸು ಇನ್ನೂ ನೊಂದಿತು. ಒಲೆ ಹಚ್ಚಿದರು, ನೀರು ಕಾಯಲಿಟ್ಟರು, ಕನಕಮ್ಮನನ್ನು ಕೈಹಿಡಿದು ಒಲೆಯ ಹತ್ತಿರ ಕೂರಿಸಿದರು. ಎಮ್ಮೆ ಕರೆಯುವ ಹೊತ್ತಾಯಿತೆಂದು ಮನೆಗೆ ಹೋದರು.

ಕನಕಮ್ಮ ಬೇಡ ಎನ್ನಲಿಲ್ಲ. ಬೇಡವೆಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು.

ಹೊಲದಲ್ಲಿ ಪಿಳ್ಳಮ್ಮ ಹತ್ತು ಗಿಡ ಕಿತ್ತು ತಲೆಯೆತ್ತಿದಳು. ಮೊದಲು ತನಗೆ ಜಾಗ ತಪ್ಪಿತೇನೋ ಎಂದುಕೊಂಡಳು. ಊರ ಕೊನೆಯ ಹುಣಿಸೆಮರದಿಂದ ಮನೆಗಳನ್ನು ಮತ್ತೆ ಎಣಿಸಿದಳು. ಅಶ್ವತ್ಥಮ್ಮನ ಮನೆಯ ಹೊಗೆ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಹೊಗೆ, ತೆಳ್ಳಗೆ, ನೆಟ್ಟಗೆ, ತಮ್ಮ ಹೆಂಚಿನ ಸಂದಿನಿಂದ ಏಳುತ್ತಿತ್ತು.

ಅವಳು ಕಿತ್ತ ಗಿಡವನ್ನು ಅಲ್ಲೇ ಬಿಟ್ಟು ಓಡಿದಳು. ಕಲ್ಲು ಜಾರಿ ಎರಡು ಸಲ ಬಿದ್ದಳು. ಮಂಜಿನಲ್ಲಿ ಇಳಿದ ಮೇಲೆ ಹೊಗೆ ಕಾಣಲಿಲ್ಲ. ಅದು ಹೆಚ್ಚಾಯಿತೋ, ನಿಂತಿತೋ ತಿಳಿಯದೆ ಓಡುವುದೇ ಇನ್ನೂ ಕಷ್ಟವಾಯಿತು. ದಾರಿಯಲ್ಲಿ ದನ ಹೊಡೆದುಕೊಂಡು ಹೋಗುತ್ತಿದ್ದವರು ಏನಾಯ್ತಮ್ಮಿ ಎಂದು ಕೇಳಿದರು. ಏನೂ ಇಲ್ಲ ಎಂದಳು. ಅವರು ಕಾಣದಷ್ಟು ದೂರ ನಡೆದೇ ಹೋಗಿ, ಆಮೇಲೆ ಮತ್ತೆ ಓಡಿದಳು.

ಬಾಗಿಲು ತಳ್ಳಿದಾಗ ಕೂದಲು ಸುಟ್ಟ ವಾಸನೆ ಬಂತು. ತಾಯಿ ಒಲೆಯ ಮುಂದೆ ಮಗ್ಗುಲಾಗಿ ಬಿದ್ದಿದ್ದರು. ಎಡಗೈ ಮೊಣಕೈವರೆಗೆ ಒಲೆಯ ಬಾಯೊಳಗಿತ್ತು. ಸೆರಗಿನ ಅಂಚು ಉರಿಯಿಲ್ಲದೆ ಕೆಂಪಗೆ ತೆವಳುತ್ತಿತ್ತು. ಪಿಳ್ಳಮ್ಮ ತಾಯಿಯ ಎರಡೂ ಕಾಲು ಹಿಡಿದು ಎಳೆದಳು, ಸೆರಗನ್ನು ಬರಿಗೈಯಿಂದ ಉಜ್ಜಿದಳು, ನೀರಿನ ಗಡಿಗೆಯನ್ನೆತ್ತಿ ಒಲೆಯ ಮೇಲೆ ಸುರಿದಳು. ಇಷ್ಟೆಲ್ಲ ಮಾಡುವಾಗ ಒಂದು ಸಲವೂ ಕೂಗಲಿಲ್ಲ. ಇದನ್ನು ಹೇಳುವಾಗ ಅವಳು ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟಳು. "ಆವಾಗ್ಲೂ ನಂಗೆ ಇದ್ದಿದ್ದು ಒಂದೇ ಭಯ ಅಕ್ಕ," ಎಂದಳು. "ಯಾರಾನ ಬಂದ್ಬುಟ್ಟಾರು ಅಂತ."

ನೀರು ಬಿದ್ದ ಒಲೆಯ ಚುರ್ ಎಂಬ ಸದ್ದಿಗೆ ಅಶ್ವತ್ಥಮ್ಮ ಬಂದರು. ಕೈಯಲ್ಲಿ ಹಾಲಿನ ಚೊಂಬು ಹಾಗೆಯೇ ಇತ್ತು. ಹೊಸ್ತಿಲಲ್ಲಿ ನಿಂತು ನೋಡಿದರು: ಇನ್ನೂ ಅದುರುತ್ತಿದ್ದ ಮೈ, ನೊರೆ, ಸುಟ್ಟ ಕೈ, ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮನ್ನೇ ನೋಡುತ್ತಿರುವ ಹುಡುಗಿ. ತಿರುಗಿ ಹೊರಟುಹೋದರು.

ಮುಗಿಯಿತು ಎಂದುಕೊಂಡಳು ಪಿಳ್ಳಮ್ಮ. ಈಗ ಬೀದಿಗೆಲ್ಲ ಗೊತ್ತಾಗುತ್ತದೆ, ದೊಡ್ಡಪ್ಪ ಬರುತ್ತಾರೆ. ಅವಳು ಆ ಹೊತ್ತಿನಲ್ಲಿ ದೇವರನ್ನು ಬೇಡಿಕೊಳ್ಳಲಿಲ್ಲವಂತೆ. ಬೇಡುವುದಕ್ಕೂ ಹೆದರಿಕೆಯಾಯಿತು, ದಿನಾ ಒಲೆ ಆರಿಸಿದ್ದಕ್ಕೆ ಇದು ಬಂತೇನೋ ಎಂದು.

ಅಶ್ವತ್ಥಮ್ಮ ವಾಪಸು ಬಂದರು. ಮಡಿಲಲ್ಲಿ ಲೋಳೆಸರದ ಎಲೆಗಳು, ಹೆಗಲ ಮೇಲೆ ಮೆತ್ತನೆಯ ಹಳೆಯ ಸೀರೆ. ಒಳಗೆ ಬಂದು ಕೂತು, ಕನಕಮ್ಮನ ಸುಟ್ಟ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಅದುರುವುದು ಇನ್ನೂ ನಿಂತಿರಲಿಲ್ಲ. ಮುಟ್ಟಿದವರಿಗೆ ಹತ್ತಿಕೊಳ್ಳುತ್ತದೆ ಎಂದು ಕಣದಲ್ಲಿ ಎಲ್ಲರಿಗಿಂತ ಹಿಂದೆ ಸರಿದು ನಿಂತಿದ್ದವರು ಅವರೇ. ಈಗಲೂ ಅವರಿಗೆ ಅದೇ ಹೆದರಿಕೆ. ಆದರೂ ಬಿಡಲಿಲ್ಲ. ಲೋಳೆಸರ ಸೀಳಿ ಹಚ್ಚುತ್ತಾ ಕೇಳಿದರು.

"ಎಷ್ಟು ದಿನದಿಂದ?"

"ಕಣದಾಗೆ ಬಿದ್ದಾಗ್ನಿಂದ ಅತ್ತೆ."

"ಅದ್ಕೇನಾ ಒಲೆ ಆರಿಸ್ತಿದ್ದಿದ್ದು?"

ಪಿಳ್ಳಮ್ಮ ತಲೆಯಾಡಿಸಿದಳು. ಅಶ್ವತ್ಥಮ್ಮ ಹಳೆಯ ಸೀರೆಯನ್ನು ಹರಿದು ಕೈಗೆ ಸುತ್ತಿದರು. ಆಮೇಲೆ, "ನಂಗೊಂದು ಮಾತು ಹೇಳ್ಬಾರ್ದಾಗಿತ್ತಾ," ಎಂದರು. ಹಾಗೆಂದವರು ತಾವೇ ತಲೆ ತಗ್ಗಿಸಿದರು. ಹೇಳುವಂತೆ ತಾವು ಎಂದು ನಡೆದುಕೊಂಡಿದ್ದರು?

ಸುಟ್ಟ ವಾಸನೆಗೆ ಬಾಗಿಲಲ್ಲಿ ಇಣುಕಿ ಹೋದವರ ಬಾಯಿಂದಲೋ ಏನೋ, ಸುದ್ದಿ ಮೇಲಿನ ಬೀದಿಗೆ ಮುಟ್ಟಿತು. ಮಧ್ಯಾಹ್ನದ ಹೊತ್ತಿಗೆ ಗಾಡಿಯ ಸದ್ದಾಯಿತು. ವೆಂಕಟರಮಣಪ್ಪನವರು ಗಾಡಿಗೆ ಹುಲ್ಲು ಹಾಸಿ, ಮೇಲೊಂದು ಜಮಖಾನ ಹಾಕಿಕೊಂಡೇ ಬಂದಿದ್ದರು. ಕನಕಮ್ಮ ಭಾವನ ಎದುರು ಬರದೆ ಬಾಗಿಲ ಹಿಂದೆ ಕೂತರು. ಪಿಳ್ಳಮ್ಮ ತನ್ನ ಲಂಗದ ಅಂಚನ್ನು ತಾಯಿಯ ಸೆರಗಿಗೆ ಗಂಟು ಹಾಕಿಕೊಂಡಳು. ಕರೆದುಕೊಂಡು ಹೋದರೆ ಇಬ್ಬರನ್ನೂ ಎಳೆದುಕೊಂಡು ಹೋಗಲಿ ಎಂದು.

ಜಗುಲಿಯ ಮೇಲೆ ಅಶ್ವತ್ಥಮ್ಮ ಕೂತಿದ್ದರು. ವೆಂಕಟರಮಣಪ್ಪನವರು, ಗಾಳಿ ಅವಳನ್ನು ಒಲೆಗೆ ತಳ್ಳಿದೆ, ನಾಳೆ ಬಾವಿಗೆ ತಳ್ಳುತ್ತದೆ, ತಮ್ಮ ಬಂದು ಕೇಳಿದರೆ ನಾನು ಏನು ಹೇಳಲಿ ಎಂದರು. ಅವರು ಕೆಟ್ಟವರಲ್ಲ. ಅವರ ದನಿಯಲ್ಲೂ ಹೆದರಿಕೆಯೇ ಇತ್ತು.

"ಗಾಳಿ ತಳ್ಳಲಿಲ್ಲ ವೆಂಕಟ್ರಮಣ," ಎಂದರು ಅಶ್ವತ್ಥಮ್ಮ. "ಒಲೆ ಹಚ್ಚಿದ್ದು ನಾನು. ಕೈ ಹಿಡ್ಕೊಂಡು ಬೆಂಕಿ ಮುಂದೆ ಕೂರ್ಸಿದ್ದೂ ನಾನು. ಈ ಮಗು ಇಷ್ಟು ದಿನ ಒಂದು ಕಿಡಿ ಇಲ್ದಂಗೆ ಕಾಪಾಡಿತ್ತು. ತಪ್ಪು ನಂದು. ಗಾಡಿಗೆ ಹತ್ತಿಸೋದಾದ್ರೆ ನನ್ನ ಹತ್ಸು."

"ನಿನ್ನ ಹತ್ತಿಸ್ಕೊಂಡೋದ್ರೆ ಅಲ್ಲಿರೋ ಗಾಳಿಯೆಲ್ಲ ಬುಟ್ಟು ಓಡೋಗ್ತವೆ," ಎಂದರು ವೆಂಕಟರಮಣಪ್ಪ. ಯಾರೂ ನಗಲಿಲ್ಲ. "ಇವತ್ತು ನೀನು ಹಿಂಗಂತೀಯ ಅಕ್ಕಯ್ಯ. ನಾಳೆ ಯಾರು ನೋಡ್ಕಂತಾರೆ? ಹನ್ನೆರಡು ವರ್ಷದ ಹುಡುಗಿನಾ?"

"ನಾಳೆನೂ ನಾನೇ."

"ನಾಡಿದ್ದು?"

"ಉಸಿರಿರೋಗಂಟ ನಾನೇ. ಈಗ ಗಾಡಿ ಹೂಡಿದ್ದೀಯಲ್ಲ, ರಾಯಕೋಟೆಗೆ ಹೊಡಿ. ಕೈಗೆ ಔಷ್ದಿ ಹಾಕ್ಸಾನ. ನಾನೂ ಬತ್ತೀನಿ."

ವೆಂಕಟರಮಣಪ್ಪನವರು ಎತ್ತುಗಳನ್ನು ನೋಡುತ್ತಾ ನಿಂತರು. ಬಾಗಿಲ ಹಿಂದೆ ಪಿಳ್ಳಮ್ಮನಿಗೆ ಎತ್ತಿನ ಕೊರಳ ಗಂಟೆಯ ಸದ್ದೊಂದೇ ಕೇಳುತ್ತಿತ್ತು. ಕೊನೆಗೆ ಎಲ್ಲರೂ ಗಾಡಿ ಹತ್ತಿದರು. ಅದು ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದು ಅವಳಿಗೆ ಊರ ಬಾಗಿಲು ದಾಟುವವರೆಗೂ ಗೊತ್ತಾಗಲಿಲ್ಲ. ಎಡಕ್ಕೆ ತಿರುಗಿ ರಾಯಕೋಟೆಯ ಬೆಟ್ಟ ಎದುರಿಗೆ ಕಂಡ ಮೇಲೆಯೇ ಗಂಟು ಬಿಚ್ಚಿದಳು.

ರಾಯಕೋಟೆಯಲ್ಲಿ ಕೈಗೆ ಕಟ್ಟು ಹಾಕಿದ ಕಾಂಪೌಂಡರು ತಮಿಳಿನವರು. ಬಿದ್ದದ್ದು ಹೇಗೆ ಎಂದು ಕೇಳಿದರು. ಯಾರೂ ಬಾಯಿ ಬಿಡದಿದ್ದಾಗ ಪಿಳ್ಳಮ್ಮನೇ ಹೇಳಿದಳು, ಹೆಬ್ಬೆರಳಿನಿಂದ ಹಿಡಿದು ನೊರೆಯವರೆಗೆ. ಅವರು ಎದ್ದು ಒಳಗಿನ ಡಾಕ್ಟರನ್ನು ಕೇಳಿಕೊಂಡು ಬಂದು, ಇದಕ್ಕೆ ತಮ್ಮ ಭಾಷೆಯಲ್ಲಿ ಕಾಕ್ಕಾ ವಲಿಪ್ಪು, ಅಂದರೆ ಮೂರ್ಛೆರೋಗ, ಎನ್ನುತ್ತಾರೆ, ತಮ್ಮ ಚಿಕ್ಕಪ್ಪನಿಗೂ ಇತ್ತು, ಇದು ಕಾಯಿಲೆ, ಮುಟ್ಟಿದರೆ ಬರುವುದಿಲ್ಲ ಎಂದರು. ಉಪ್ಪುಪ್ಪಾದ ಔಷಧಿಯ ಬಾಟಲಿ ಕೊಟ್ಟರು. ತಮಿಳು ಚೆನ್ನಾಗಿ ಬರುತ್ತಿದ್ದ ವೆಂಕಟರಮಣಪ್ಪನವರು ಆ ಹೆಸರನ್ನು ಎರಡು ಸಲ ಕೇಳಿ ತಿಳಿದುಕೊಂಡರು. ಅವರಿಗೆ ಪೂರ್ತಿ ನಂಬಿಕೆ ಬಂತೆಂದು ಪಿಳ್ಳಮ್ಮ ಈಗಲೂ ಹೇಳುವುದಿಲ್ಲ. ಆ ಜಾಗಕ್ಕೆ ಮತ್ತೆ ಗಾಡಿ ಹೂಡಲಿಲ್ಲ, ಅಷ್ಟೇ.

ಮನೆಗೆ ಬಂದ ಸಂಜೆ ಅಶ್ವತ್ಥಮ್ಮ ಪಿಳ್ಳಮ್ಮನನ್ನು ತಮ್ಮ ಅಡುಗೆಮನೆಗೆ ಕರೆದರು. ದೊಡ್ಡ ಒಲೆಯ ಪಕ್ಕಕ್ಕೆ ಅಂಟಿಕೊಂಡ ಸಣ್ಣ ಒಲೆಯನ್ನು ತೋರಿಸಿದರು. ಕೋಡೊಲೆ ಎನ್ನುತ್ತೇವಲ್ಲ, ಅದು. ದೊಡ್ಡ ಒಲೆಯ ಉರಿಯೇ ಒಳಗಿನಿಂದ ಅದಕ್ಕೂ ಹರಿಯುತ್ತದೆ.

"ಇದು ನಿಂದು. ನಿಮ್ಮನೇಲಿ ಒಲೆ ಬ್ಯಾಡ. ಮುದ್ದೆ ಇಲ್ಲೇ ಬೇಯ್ಸು, ನಿಮ್ಮವ್ವ ಜಗುಲಿ ಮೇಲೆ ಕೂತಿರ್ಲಿ. ನೀನು ಹೊಲಕ್ಕೋದಾಗ ನಾನು ಕೈ ನೋಡ್ಕಂತೀನಿ. ಯಾವ ಬೆರಳು ಅಂದೆ?"

ಪಿಳ್ಳಮ್ಮ ತನ್ನ ಬೆರಳು ಉಜ್ಜಿ ತೋರಿಸಿದಳು. ಅಶ್ವತ್ಥಮ್ಮ ತಮ್ಮ ಬೆರಳನ್ನು ಹಾಗೆಯೇ ಉಜ್ಜಿ ನೋಡಿಕೊಂಡರು.

ಶುಕ್ರವಾರದ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಬೆಂಕಿ ಮನೆಯಿಂದ ಆಚೆ ಹೋಗುತ್ತಿರಲಿಲ್ಲ, ಇವರೇ ಬೆಂಕಿಯ ಹತ್ತಿರ ಬರುತ್ತಿದ್ದರು. ಮೂರು ವರ್ಷ ಪಿಳ್ಳಮ್ಮನ ಮನೆಯ ಒಲೆ ಹೊತ್ತಲಿಲ್ಲ. ಕನಕಮ್ಮನಿಗೆ ಔಷಧಿಯಿಂದ ಬರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಎಡಗೈಯ ಎರಡು ಬೆರಳು ಮಡಿಚಿಕೊಂಡೇ ಉಳಿದವು. ಅಶ್ವತ್ಥಮ್ಮ ಎಮ್ಮೆ ಕರೆಯುವಾಗಲೂ ಕನಕಮ್ಮನನ್ನು ಕೊಟ್ಟಿಗೆಯ ಬಾಗಿಲಲ್ಲಿ ಕೂರಿಸಿಕೊಂಡು ಬೈಯುತ್ತಾ ಕರೆಯುತ್ತಿದ್ದರಂತೆ. ಬೈಗುಳವೇನೂ ಕಡಿಮೆಯಾಗಲಿಲ್ಲ.

ಯುದ್ಧ ಮುಗಿದ ಮಾರನೆಯ ವರ್ಷ ತಂದೆ ಬಂದರು. ಪಿಳ್ಳಮ್ಮನಿಗೆ ಗಂಡು ಗೊತ್ತಾದಾಗ ಅವಳು ತಾಯಿಯ ಕಾಯಿಲೆಯನ್ನು ಮುಚ್ಚಿಡಲು ಒಪ್ಪಲಿಲ್ಲ. ಒಂದು ಕಡೆಯವರು ಕೇಳಿ ಎದ್ದುಹೋದರು. ಮತ್ತಿಗಿರಿಯವರು ಉಳಿದರು.

ಈಗ ಬೆಳಗ್ಗೆ ಅವಳು ಹೊಲದಲ್ಲಿರುವಾಗ ಅವಳ ಗಂಡನ ತಾಯಿ ಒಲೆ ಹಚ್ಚುತ್ತಾರೆ. ತನ್ನ ಮನೆಯ ಮೇಲೆ ಹೊಗೆ ಎದ್ದದ್ದು ಕಂಡರೆ ಇಂದಿಗೂ ಅವಳ ಕಾಲು ಓಡಲು ಮುಂದಾಗುತ್ತದೆ. ಅಮ್ಮ ಇಲ್ಲಿಲ್ಲ, ಅಲ್ಲಿ ಅಶ್ವತ್ಥತ್ತೆಯ ಜಗುಲಿಯ ಮೇಲೆ ಇದ್ದಾಳೆ ಎಂದು ತನಗೆ ತಾನೇ ಹೇಳಿಕೊಳ್ಳಬೇಕು. ಅಶ್ವತ್ಥತ್ತೆಗೆ ಈಗ ಕಣ್ಣು ಸ್ವಲ್ಪ ಮಂಜು. ಅದನ್ನು ಹೇಳಿ ಪಿಳ್ಳಮ್ಮ ಇನ್ನೊಂದು ಅವರೆಕಾಯಿ ಸುಲಿದಳು. ಆಮೇಲೆ, ಕಣ್ಣು ಮಂಜಾದ ಮೇಲೆ ಅಶ್ವತ್ಥತ್ತೆ ಅಮ್ಮನ ಬಲಗೈಯನ್ನು ತಮ್ಮ ಕೈಯೊಳಗೇ ಹಿಡಿದುಕೊಂಡು ಕೂರುತ್ತಾರೆ, ಬೆರಳು ಅಲುಗಿದರೆ ಗೊತ್ತಾಗಲಿ ಎಂದು, ಎಂದಳು.